ಕಾಳು ಅಂಟಿಸಿದ ಚಾರ್ಟು, ತಂಬಿಟ್ಟಿನ ಆರತಿ

ಅಭ್ಯಾಸ ಬೋಧನೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ನಡೆಯುವ ಬೋಧನೋಪಕರಣಗಳ ಪ್ರದರ್ಶನದಲ್ಲಿ ಪ್ರತಿ ವರ್ಷವೂ ತಪ್ಪದೆ ಕಾಣಿಸಿಕೊಳ್ಳುವ ವಸ್ತು ಒಂದಿದೆ. ತೊಗರಿಬೇಳೆ, ಹೆಸರುಕಾಳು, ಕಡಲೆ, ಸಾಸಿವೆ, ಅಕ್ಕಿಗಳನ್ನು ಫೆವಿಕಾಲ್‌ನಿಂದ ಅಂಟಿಸಿ ಮಾಡಿದ ನವಿಲು. ನವಿಲಿಲ್ಲದಿದ್ದರೆ ಭಾರತದ ನಕ್ಷೆ. ಅದೂ ಇಲ್ಲದಿದ್ದರೆ ಗಣಪತಿ. ಬಾಹ್ಯ ಪರೀಕ್ಷಕರು ಅದರ ಮುಂದೆ ನಿಂತು ‘ತುಂಬಾ ಶ್ರಮ ಪಟ್ಟಿದ್ದೀರಿ’ ಎನ್ನುತ್ತಾರೆ, ಅಂಕ ಬೀಳುತ್ತದೆ, ಮುಂದಿನ ವರ್ಷದವರು ಅದನ್ನೇ ನೋಡಿ ಮಾಡುತ್ತಾರೆ. ಈ ನವಿಲಿಗೆ ಅಂಕ ಕೊಡುವುದನ್ನು ನಾವು ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಆಹಾರ ಪದಾರ್ಥಗಳಿಂದ ಕಲೆ ಮಾಡುವುದನ್ನೇ ತರಗತಿಯಿಂದ ಹೊರಗಿಡಬೇಕು ಎಂದು ನಾನು ಹೇಳುತ್ತಿಲ್ಲ. ಅದು ಈಗಿರುವುದಕ್ಕಿಂತ ಹೆಚ್ಚು ಬರಬೇಕು, ಆದರೆ ಬೇರೆ ದಾರಿಯಿಂದ ಬರಬೇಕು. ಎರಡೂ ಮಾತನ್ನು ಒಟ್ಟಿಗೆ ಹೇಳುವುದರಿಂದ ಸ್ವಲ್ಪ ವಿವರಿಸಬೇಕಾಗಿದೆ.

ಮೊದಲು ಲೆಕ್ಕ. ಮಧ್ಯಾಹ್ನದ ಬಿಸಿಯೂಟಕ್ಕೆ ನಿಗದಿಯಾಗಿರುವ ಪ್ರಮಾಣ ನಮಗೆಲ್ಲ ಗೊತ್ತಿರಬೇಕಾದದ್ದು. ಕಿರಿಯ ಪ್ರಾಥಮಿಕ ಹಂತದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಿರಿಯ ಪ್ರಾಥಮಿಕ ಹಂತದಲ್ಲಿ 150 ಗ್ರಾಂ, 30 ಗ್ರಾಂ, 75 ಗ್ರಾಂ. ಪ್ರದರ್ಶನ ಮುಗಿದ ಮೇಲೆ ಮೂಲೆಯಲ್ಲಿ ಬಿದ್ದಿದ್ದ ಒಂದು ನಕ್ಷೆಯ ಕಾಳನ್ನೆಲ್ಲ ಕೆರೆದು ನಾನೊಮ್ಮೆ ತೂಗಿಸಿದೆ. ಅಂಟು, ಬಣ್ಣ ಸೇರಿ ಅರ್ಧ ಕಿಲೊಗೆ ತುಸು ಹೆಚ್ಚು ಬಂತು. ಅರ್ಧ ಕಿಲೊ ಎಂದರೆ ಕಿರಿಯ ಹಂತದ 25 ಮಕ್ಕಳ ಒಂದು ದಿನದ ಬೇಳೆ. ನಲವತ್ತು ಪ್ರಶಿಕ್ಷಣಾರ್ಥಿಗಳು ಹೀಗೆ ತಲಾ ಒಂದು ಮಾಡಿದರೆ 20 ಕಿಲೊ, ಅಂದರೆ 1,000 ಮಕ್ಕಳ ಒಂದು ದಿನದ ಪಾಲು. ಎಲ್ಲರೂ ಮಾಡುತ್ತಾರೆಂದಲ್ಲ. ಆದರೆ ನಾವು ಅಂಕ ಕೊಟ್ಟು ಪ್ರೋತ್ಸಾಹಿಸುತ್ತಿರುವ ವಸ್ತು ಯಾವುದು ಎಂಬುದನ್ನು ತಕ್ಕಡಿಯಲ್ಲಿಟ್ಟು ಒಮ್ಮೆ ನೋಡುವುದು ಒಳ್ಳೆಯದು.

ಆ ನಕ್ಷೆಯ ಗತಿಯನ್ನೂ ಹೇಳಿಬಿಡುತ್ತೇನೆ. ಅದು ಕರ್ನಾಟಕದ ಬೆಳೆಗಳ ನಕ್ಷೆ. ಕಲಬುರಗಿಯ ಜಾಗದಲ್ಲಿ ತೊಗರಿ, ಮಂಡ್ಯದ ಜಾಗದಲ್ಲಿ ಭತ್ತ, ತುಮಕೂರಿನ ಜಾಗದಲ್ಲಿ ರಾಗಿ. ಒಂದೇ ತಿಂಗಳಲ್ಲಿ ಇಲಿಯೊಂದು ಕಲಬುರಗಿಯನ್ನು ಪೂರ್ತಿ ತಿಂದು ಬೀದರ್‌ವರೆಗೆ ಹೋಗಿತ್ತು. ಉಳಿದ ಕಡೆ ಹುಳು. ಇದೇ ಪಾಠಕ್ಕೆ ಹತ್ತು ಹತ್ತು ಕಾಳನ್ನು ಪಾರದರ್ಶಕ ಕವರಿನಲ್ಲಿ ಹಾಕಿ ನಕ್ಷೆಗೆ ಪಿನ್ ಮಾಡಿದ್ದರೆ ಮಕ್ಕಳು ಮುಟ್ಟಿ ನೋಡಬಹುದಿತ್ತು, ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಯಾಕೆ ಬಂತು ಎಂಬ ಮಾತೂ ಬರುತ್ತಿತ್ತು. ಅಂಟಿಸಿದ ಕಾಳನ್ನು ಮಗು ಮುಟ್ಟುವ ಹಾಗಿಲ್ಲ, ಉದುರುತ್ತದೆ ಎಂದು ಪ್ರಶಿಕ್ಷಣಾರ್ಥಿಗೆ ಭಯ.

ನನ್ನನ್ನು ಈ ವಿಷಯದ ಬಗ್ಗೆ ಬರೆಯುವಂತೆ ಮಾಡಿದ್ದು ಲೆಕ್ಕವಲ್ಲ, ಪಾಠ ವೀಕ್ಷಣೆಗೆ ಹೋಗಿದ್ದಾಗ ಕಂಡ ಒಂದು ಚಿಕ್ಕ ಸಂಗತಿ. ಎರಡನೆಯ ತರಗತಿ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ತಯಾರಾಗಿ ಬಂದಿದ್ದರು. ಮೀನಿನ ಆಕಾರ ಬರೆದ ಹಾಳೆಯನ್ನು ಪ್ರತಿ ಮಗುವಿಗೂ ಕೊಟ್ಟು, ಒಳಗೆ ಅಂಟಿಸಲು ಒಂದೊಂದು ಹಿಡಿ ಹೆಸರುಕಾಳು ಹಂಚಿದರು. ಎರಡನೇ ಸಾಲಿನ ಹುಡುಗನೊಬ್ಬ ನಾಲ್ಕು ಕಾಳು ಅಂಟಿಸಿ, ಮಿಕ್ಕದ್ದನ್ನು ಬಾಯಿಗೆ ಹಾಕಿಕೊಂಡ.

‘ಏಯ್ ಪುಟ್ಟಾ, ತಿನ್ನಬಾರದು, ಅದು ಚಿತ್ರಕ್ಕೆ.’

ಹುಡುಗ ಅಗಿಯುವುದನ್ನು ನಿಲ್ಲಿಸಿ ಕೇಳಿದ, ‘ತಿನ್ನೋಕೆ ಬೇರೆ ಕೊಡ್ತೀರಾ ಮಿಸ್?’

ತರಗತಿ ನಕ್ಕಿತು. ಮಿಸ್ ಕೂಡ ನಕ್ಕರು. ಪಾಠ ಮುಂದುವರಿಯಿತು. ಸ್ವಮೌಲ್ಯಮಾಪನದ ಅಂಕಣದಲ್ಲಿ ಅವರು ‘ಶಿಸ್ತು ನಿರ್ವಹಣೆಯಲ್ಲಿ ಇನ್ನಷ್ಟು ಗಮನ ಬೇಕು’ ಎಂದು ಬರೆದುಕೊಂಡರು. ಆ ಸಾಲನ್ನು ಹೊಡೆದುಹಾಕಿ ಎಂದು ನಾನು ಹೇಳಿದೆ. ಸಮಯ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಪಕ್ಕದ ಅಡುಗೆ ಕೋಣೆಯಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಆ ಶಾಲೆಯಲ್ಲಿ ಎಷ್ಟು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದರೆ ಹೇಳುತ್ತಿದ್ದರು. ಕಾಳನ್ನು ಕಾಳೆಂದು ಗುರುತಿಸಿದವನು ಆ ತರಗತಿಯಲ್ಲಿ ಅವನೊಬ್ಬನೇ. ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ನಾವು ಬರೆಯುವುದು ಇದನ್ನೇ ಅಲ್ಲವೇ?

ಈಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು ನೋಡಿ. ತಿನ್ನುವ ಪದಾರ್ಥದಿಂದ ಆಕಾರ ಮಾಡುವುದು ನಮಗೆ ಹೊಸದಲ್ಲ. ಅಕ್ಕಿಹಿಟ್ಟು ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದನ್ನು ಹಣತೆಯಂತೆ ತಿದ್ದಿ, ನಡುವೆ ತುಪ್ಪದ ಬತ್ತಿ ಇಟ್ಟು ಊರಮ್ಮನಿಗೆ ಆರತಿ ಹೊತ್ತೊಯ್ಯುತ್ತಾರೆ. ಹೂವಿನಲ್ಲಿ ಸಿಂಗರಿಸಿದ ಆ ಆರತಿ ನೋಡಲು ಒಂದು ಶಿಲ್ಪವೇ. ಮನೆಗೆ ಬಂದ ಮೇಲೆ ಮುರಿದು ಎಲ್ಲರ ಕೈಗೂ ಒಂದೊಂದು ತುಂಡು. ಮದುವೆ, ಸೀಮಂತಗಳಿಗೆ ಒಣಕೊಬ್ಬರಿ ಬಟ್ಟಲಿನ ಮೇಲೆ ಹೂಬಳ್ಳಿ ಕೆತ್ತಿ ಬಣ್ಣ ತುಂಬುವ ಹೆಂಗಸರು ಇಂದಿಗೂ ಇದ್ದಾರೆ. ಚಕ್ಕುಲಿ, ಕೋಡುಬಳೆ, ಕಡುಬಿನ ಅಂಚಿನ ಮಡಿಕೆ, ಶಾವಿಗೆಯ ಎಳೆ ಇವೆಲ್ಲವೂ ಕೈಯ ಕಲೆ. ಅಕ್ಕಿಹಿಟ್ಟಿನ ರಂಗೋಲಿಯನ್ನು ಮಧ್ಯಾಹ್ನದೊಳಗೆ ಇರುವೆ ಗುಬ್ಬಿಗಳು ಮುಗಿಸುತ್ತಿದ್ದವು. ಈಗ ನಾವು ಕಲ್ಲಿನ ಪುಡಿ ಹಾಕುತ್ತೇವೆ, ಅದನ್ನು ಯಾರೂ ತಿನ್ನುವುದಿಲ್ಲ. ಇವುಗಳಲ್ಲಿ ಒಂದೂ ಗೋಡೆಗೆ ತೂಗುಹಾಕಲು ಮಾಡಿದ್ದಲ್ಲ. ಮಾಡಿದ್ದು ಕೊಡಲಿಕ್ಕೆ, ತಿನ್ನಲಿಕ್ಕೆ.

ಇದರಲ್ಲಿ ತರಗತಿಗೆ ಅತ್ಯಂತ ಶ್ರೀಮಂತ ವಿಷಯ ಸಂಕ್ರಾಂತಿಯ ಸಕ್ಕರೆ ಅಚ್ಚು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಹಿಡಿಯುವ ಸಕ್ಕರೆ ಆರತಿಯ ಗೊಂಬೆಗಳೂ ಇದೇ ಜಾತಿ. ಎರಡು ಮೂರು ಮರದ ಹಲಗೆಗಳ ಒಳಮೈಯಲ್ಲಿ ಹಸು, ಆನೆ, ಗಿಳಿ, ಬೃಂದಾವನ, ಗೋಪುರಗಳ ಅರ್ಧರ್ಧ ರೂಪ ಕೊರೆದಿರುತ್ತಾರೆ. ಹಲಗೆಗಳನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದಿಷ್ಟು ಹಾಲು ಬಿಟ್ಟು, ಮೇಲೆ ಬರುವ ಕೊಳೆ ತೆಗೆದು ಶೋಧಿಸಬೇಕು. ಪಾಕ ಎಳೆ ಬರುವವರೆಗೆ ಕಾಯಿಸಿ, ಇಳಿಸಿ, ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕುತ್ತ ತಿರುವಬೇಕು. ತಿಳಿಯಾಗಿದ್ದ ಪಾಕ ಹಾಲಿನಂತೆ ಬೆಳ್ಳಗಾಗುತ್ತಿದ್ದಂತೆ, ಗಟ್ಟಿಯಾಗಿ ಕಟ್ಟಿಟ್ಟ ಅಚ್ಚಿನೊಳಗೆ ಸುರಿಯಬೇಕು. ಕೆಲವು ನಿಮಿಷ ಬಿಟ್ಟು ದಾರ ಬಿಚ್ಚಿದರೆ ಹಸು ನಿಂತಿರುತ್ತದೆ.

ಹಲಗೆ ಯಾಕೆ ನೆನೆಯಬೇಕು? ಒಣಮರವಾದರೆ ಪಾಕವನ್ನು ಹೀರಿಕೊಂಡು ಅಂಟುತ್ತದೆ, ಹಸುವಿನ ಕಿವಿ ಹಲಗೆಯಲ್ಲೇ ಉಳಿಯುತ್ತದೆ. ಹಾಲು ಯಾಕೆ? ಹಾಲಿನ ಪ್ರೋಟೀನು ಬಿಸಿಗೆ ಒಡೆದು ಕಸವನ್ನು ಹಿಡಿದುಕೊಂಡು ಮೇಲೆ ಬರುತ್ತದೆ. ಯಾಕೆ ತಿರುವಬೇಕು? ತಿರುವಿದಾಗ ಸಣ್ಣ ಸಣ್ಣ ಹರಳುಗಳು ಹುಟ್ಟಿ, ಅವುಗಳ ಸುತ್ತ ಉಳಿದ ಸಕ್ಕರೆ ಬೇಗ ಹರಳುಗಟ್ಟುತ್ತದೆ. ತಿರುವುವುದು ಕಡಿಮೆಯಾದರೆ ಅಚ್ಚು ಹಿಡಿಯುವುದಿಲ್ಲ, ಜಾಸ್ತಿಯಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ದ್ರಾವಣ, ಸಂತೃಪ್ತ ದ್ರಾವಣ, ಹರಳುಗಟ್ಟುವಿಕೆ ಪಾಠಕ್ಕೆ ಮೈಲುತುತ್ತ ಹುಡುಕಿಕೊಂಡು ಪ್ರಯೋಗಾಲಯಕ್ಕೆ ಹೋಗುತ್ತಾರೆ. ಮೈಲುತುತ್ತದ ಹರಳು ಚೆಂದವಿದೆ, ಬೇಡವೆನ್ನುವುದಿಲ್ಲ. ಆದರೆ ಜನವರಿಯಲ್ಲಿ ಅದೇ ಬೀದಿಯ ಹತ್ತು ಮನೆಗಳಲ್ಲಿ ಈ ಪ್ರಯೋಗ ನಡೆಯುತ್ತಿರುತ್ತದೆ. ಕನ್ನಡಿಯ ಬಿಂಬ, ಸಮಮಿತಿ, ಉಬ್ಬು ತಗ್ಗುಗಳ ಅದಲುಬದಲು ಎಲ್ಲವೂ ಆ ಎರಡು ಹಲಗೆಗಳಲ್ಲಿವೆ. ಅಚ್ಚಿನಲ್ಲಿ ಗಿಳಿಯ ಕೊಕ್ಕು ಎಡಕ್ಕಿದ್ದರೆ ಸಕ್ಕರೆಯ ಗಿಳಿಯ ಕೊಕ್ಕು ಯಾವ ಕಡೆ? ಈ ಪ್ರಶ್ನೆಯನ್ನು ಬಿ.ಇಡಿ. ತರಗತಿಯಲ್ಲೇ ಕೇಳಿ ನೋಡಿ, ಅರ್ಧ ನಿಮಿಷ ಮೌನ.

ಒಂದು ಎಚ್ಚರಿಕೆ. ಕುದಿಯುವ ಸಕ್ಕರೆ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳು ಅಚ್ಚು ನೆನೆಸಲಿ, ಕಟ್ಟಲಿ, ಬಿಚ್ಚಲಿ. ಸುರಿಯುವ ಕೆಲಸ ದೊಡ್ಡವರದ್ದೇ, ಅದೂ ಅಭ್ಯಾಸವಿದ್ದವರದ್ದು. ಒಬ್ಬ ಮಗುವಿನ ಅಜ್ಜಿಯನ್ನೋ ತಾಯಿಯನ್ನೋ ಶಾಲೆಗೆ ಕರೆಸಿದರೆ ಸಂಪನ್ಮೂಲ ವ್ಯಕ್ತಿ ಸಿಕ್ಕಂತಾಯಿತು.

ಒಲೆಯೇ ಬೇಡ ಎನ್ನುವವರಿಗೆ ಹುರಿಗಡಲೆ ತಂಬಿಟ್ಟು ಇದೆ. ಹುರಿಗಡಲೆ ಹಿಟ್ಟು, ಪುಡಿ ಬೆಲ್ಲ, ತುಪ್ಪ, ಬೇಕಾದರೆ ಒಣಕೊಬ್ಬರಿ ತುರಿ. ಕೈ ತೊಳೆದು ಕಲಸಿದರೆ ಮಣ್ಣಿನಷ್ಟೇ ಚೆನ್ನಾಗಿ ಆಕಾರ ಹಿಡಿಯುತ್ತದೆ. ಗೋಳ, ಶಂಕು, ಸಿಲಿಂಡರ್ ಮಾಡಬಹುದು. ಹಕ್ಕಿ, ಬಸವ, ಬೆಟ್ಟ ಮಾಡಬಹುದು. ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ನಾವು ಪಿಯಾಜೆಯ ಜೇಡಿಮಣ್ಣಿನ ಉಂಡೆಯ ಪ್ರಯೋಗ ಓದಿಸುತ್ತೇವಲ್ಲ, ಎರಡು ಸಮ ಉಂಡೆಗಳಲ್ಲಿ ಒಂದನ್ನು ಹಾವಿನಂತೆ ಹೊಸೆದು ‘ಈಗ ಯಾವುದು ಜಾಸ್ತಿ?’ ಎಂದು ಕೇಳುವುದು, ಅದನ್ನು ತಂಬಿಟ್ಟಿನಲ್ಲಿ ಮಾಡಿ ನೋಡಿ. ತಿನ್ನುವ ವಸ್ತು ಎಂದಾಗ ಮಗು ಪ್ರಶ್ನೆಯನ್ನು ಬೇರೆ ರೀತಿ ಕೇಳಿಸಿಕೊಳ್ಳುತ್ತದೆ. ಇದು ನನ್ನ ಊಹೆಯಷ್ಟೇ ಅಲ್ಲ. 1967ರಲ್ಲಿ ಜಾಕ್ ಮೆಲರ್ ಮತ್ತು ಥಾಮಸ್ ಬೆವರ್ ಎಂಬ ಸಂಶೋಧಕರು ಚಿಕ್ಕ ಮಕ್ಕಳ ಮುಂದೆ ಎರಡು ಸಾಲು ಇಟ್ಟರು. ಉದ್ದವಾಗಿ ಹರಡಿದ ಸಾಲಿನಲ್ಲಿ ನಾಲ್ಕು, ಒತ್ತೊತ್ತಾಗಿ ಇಟ್ಟ ಚಿಕ್ಕ ಸಾಲಿನಲ್ಲಿ ಆರು. ಮಣ್ಣಿನ ಗುಳಿಗೆಗಳನ್ನಿಟ್ಟು ‘ಯಾವುದರಲ್ಲಿ ಹೆಚ್ಚಿದೆ?’ ಎಂದಾಗ ಉದ್ದದ ಸಾಲಿಗೆ ಮೋಸ ಹೋಗುತ್ತಿದ್ದ ಮಕ್ಕಳಲ್ಲಿ ಅನೇಕರು, ಮಿಠಾಯಿ ಗುಳಿಗೆಗಳನ್ನಿಟ್ಟು ‘ನಿನಗೆ ಬೇಕಾದ ಸಾಲು ತೆಗೆದುಕೊಂಡು ತಿನ್ನು’ ಎಂದಾಗ ಆರರ ಸಾಲಿಗೇ ಕೈ ಹಾಕಿದರು. ಅವರು ತೆಗೆದ ತೀರ್ಮಾನಗಳನ್ನು ಪಿಯಾಜೆ ಒಪ್ಪಲಿಲ್ಲ, ಚರ್ಚೆ ಬೆಳೆಯಿತು. ನಮಗೆ ಬೇಕಾದದ್ದು ಇಷ್ಟು: ತಿನ್ನಲು ಸಿಗುತ್ತದೆ ಎಂಬುದು ಮಗುವಿನ ಮಟ್ಟಿಗೆ ಗಮನಭಂಗವಲ್ಲ, ಗಮನಕ್ಕೆ ಕಾರಣ. ಹೆಸರುಕಾಳು ತಿಂದ ಹುಡುಗನಿಗೆ ನಾವು ಹೇಳಿದ್ದು ಇದಕ್ಕೆ ತದ್ವಿರುದ್ಧ.

ಕಾಳನ್ನೇ ಬಳಸಬೇಕು ಎನ್ನುವವರಿಗೆ ಶಿಕ್ಷಣದ ಇತಿಹಾಸದಲ್ಲೇ ಒಳ್ಳೆಯ ಮಾದರಿ ಇದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ ಫ್ರೋಬೆಲ್ ಚಿಕ್ಕ ಮಕ್ಕಳ ಶಾಲೆ ಆರಂಭಿಸಿದ್ದನ್ನು ನಾವೆಲ್ಲ ಪರೀಕ್ಷೆಗಾಗಿ ಬರೆದವರೇ. ‘ಕೊಡುಗೆಗಳು’ ಮತ್ತು ‘ಉದ್ಯೋಗಗಳು’ ಎಂದು ಎರಡು ಶೀರ್ಷಿಕೆ ಹಾಕಿ ಪಟ್ಟಿ ಬರೆದು ಮುಗಿಸುತ್ತೇವೆ. ಆ ಉದ್ಯೋಗಗಳಲ್ಲಿ ಒಂದು ಬಟಾಣಿ ಕೆಲಸ. ಒಣ ಬಟಾಣಿಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಚೂಪಾದ ಕಡ್ಡಿಗಳನ್ನು ಅದಕ್ಕೆ ಚುಚ್ಚಿ ತ್ರಿಕೋನ, ಚೌಕ, ಮನೆ, ಗೋಪುರಗಳನ್ನು ಕಟ್ಟುವುದು. ಬಟಾಣಿ ಮತ್ತೆ ಒಣಗಿದಾಗ ಕೀಲು ಬಿಗಿಯಾಗುತ್ತದೆ, ಅಂಟು ಬೇಡ. 1895ರಲ್ಲಿ ಹುಟ್ಟಿದ ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬಾತ ಶಿಶುವಿಹಾರದಲ್ಲಿ ಈ ಕೆಲಸ ಮಾಡಿದ್ದ. ಅವನಿಗೆ ದೃಷ್ಟಿದೋಷವಿತ್ತು. ಉಳಿದ ಮಕ್ಕಳು ಕಣ್ಣಿಗೆ ಕಂಡ ಮನೆಗಳಂತೆ ಚೌಕ ಚೌಕ ಕಟ್ಟಿದರೆ, ಇವನು ಕೈಯಲ್ಲಿ ತಡವಿ ಯಾವುದು ಅಲುಗಾಡುವುದಿಲ್ಲವೋ ಅದನ್ನು ಕಟ್ಟಿದ. ಅದು ತ್ರಿಕೋನ. ಮುಂದೆ ಅವನು ತ್ರಿಕೋನಗಳ ಗುಮ್ಮಟ ಕಟ್ಟುವವನಾದ. 1967ರ ಮಾಂಟ್ರಿಯಲ್ ವಸ್ತುಪ್ರದರ್ಶನದ ಅಮೆರಿಕದ ಮಂಟಪ ಅವನದ್ದೇ. ಆ ಬಟಾಣಿಯ ನೆನಪನ್ನು ಅವನು ದೊಡ್ಡವನಾದ ಮೇಲೂ ಹೇಳುತ್ತಿದ್ದ.

ನಮ್ಮ ಶಾಲೆಯಲ್ಲಿ ಇದಕ್ಕೆ ಹತ್ತು ಮಕ್ಕಳಿಗೆ ಒಂದು ಹಿಡಿ ಬಟಾಣಿ ಅಥವಾ ಕಡಲೆ, ತೆಂಗಿನ ಪೊರಕೆಯ ಕಡ್ಡಿ ಸಾಕು. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಒಂದು ಗಂಟೆ ಆರಲು ಬಿಡಿ. ಚೌಕ ಕಟ್ಟಿ ಒಂದು ಮೂಲೆ ತಳ್ಳಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಇಲ್ಲಿ ಬಟಾಣಿ ಅಲಂಕಾರವಲ್ಲ, ಕೀಲು. ಅದು ಮಾಡುವ ಕೆಲಸವನ್ನು ಚಾರ್ಟಿನ ಮೇಲಿನ ಕಾಳು ಮಾಡುವುದಿಲ್ಲ. ಹಿಡಿ ಬಟಾಣಿಯ ಖರ್ಚು ಇಲ್ಲಿಯೂ ಇದೆ ಎನ್ನಬಹುದು. ಇದೆ. ಆದರೆ ಅರ್ಧ ಕಿಲೊಗೂ ಒಂದು ಹಿಡಿಗೂ, ನೋಡುವುದಕ್ಕೂ ಕಟ್ಟುವುದಕ್ಕೂ ಇರುವ ಅಂತರ ಸಣ್ಣದಲ್ಲ. ನೆನೆಸಿದ್ದರಲ್ಲಿ ಮಿಕ್ಕದ್ದು ಬಿಸಿಯೂಟದ ಪಾತ್ರೆಗೆ ಹೋಗಬಹುದು. ಅದೂ ಬೇಡವೆಂದರೆ ಅರವಿಂದ ಗುಪ್ತಾ ತೋರಿಸಿಕೊಟ್ಟಂತೆ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ತುಂಡು ಬಳಸಿ.

ಚಿತ್ರಕಲೆಯ ಪ್ರಶಿಕ್ಷಣಾರ್ಥಿಗಳು ಆಹಾರ ಮತ್ತು ಕಲೆ ಎಂದೊಡನೆ ಆರ್ಚಿಂಬಾಲ್ಡೊನ ಹೆಸರು ಹೇಳುತ್ತಾರೆ. 16ನೇ ಶತಮಾನದ ಇಟಲಿಯ ಈ ಚಿತ್ರಕಾರ ಚಕ್ರವರ್ತಿ ಎರಡನೆಯ ರುಡಾಲ್ಫನನ್ನು ಹಣ್ಣು, ತರಕಾರಿ, ತೆನೆಗಳನ್ನು ಸೇರಿಸಿ ಚಿತ್ರಿಸಿದ. ಮೂಗಿನ ಜಾಗದಲ್ಲಿ ಮರಸೇಬು, ಕಣ್ಣಿನ ರೆಪ್ಪೆಗೆ ಬಟಾಣಿಯ ಸಿಪ್ಪೆ. ಇನ್ನೊಂದು ಚಿತ್ರದಲ್ಲಿ ತರಕಾರಿ ತುಂಬಿದ ಬೋಗುಣಿ ಇದೆ, ತಲೆಕೆಳಗೆ ಮಾಡಿದರೆ ತೋಟಗಾರನ ಮುಖ. ಒಂದು ವಿಷಯ ಗಮನಿಸಿ. ಆತ ತರಕಾರಿ ಅಂಟಿಸಲಿಲ್ಲ, ಬಣ್ಣದಲ್ಲಿ ಬರೆದ. ನಮ್ಮ ಮಕ್ಕಳೂ ಬರೆಯಬಹುದು. ಸೋಮವಾರದ ಸಂತೆಯಲ್ಲಿ ಸಿಗುವ ತರಕಾರಿಯಿಂದ ನಿಮ್ಮ ಅಜ್ಜನ ಮುಖ ಬರೆಯಿರಿ ಎಂದು ಒಮ್ಮೆ ಐದನೇ ತರಗತಿಗೆ ಹೇಳಿಸಿದ್ದೆ. ಹಾಗಲಕಾಯಿ ಕೆನ್ನೆ ಎಷ್ಟೋ ಹಾಳೆಗಳಲ್ಲಿ ಬಂತು. ಒಬ್ಬಳು ನುಗ್ಗೆಕಾಯಿಯನ್ನು ಊರುಗೋಲು ಮಾಡಿದ್ದಳು. ಒಂದು ತರಕಾರಿಯೂ ಖರ್ಚಾಗಲಿಲ್ಲ, ಹಾಗಲಕಾಯಿಯನ್ನು ಅಷ್ಟು ಹತ್ತಿರದಿಂದ ಯಾರೂ ಹಿಂದೆ ನೋಡಿರಲಿಲ್ಲ.

ಇದಕ್ಕೆ ವಿರುದ್ಧವಾದ ಮಾತನ್ನೂ ಕೇಳಿದ್ದೇನೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ತರಕಾರಿ ಕೆತ್ತನೆ ಇಡುವುದಿಲ್ಲವೇ, ಅದನ್ನು ಜನ ಮೆಚ್ಚುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಮೆಕ್ಸಿಕೊದ ಓಹಾಕಾ ನಗರದಲ್ಲಿ ಡಿಸೆಂಬರ್ 23ರ ರಾತ್ರಿಯನ್ನು ‘ಮೂಲಂಗಿಗಳ ರಾತ್ರಿ’ ಎನ್ನುತ್ತಾರೆ, 1897ರಿಂದ ಅಲ್ಲಿ ಮೂಲಂಗಿ ಕೆತ್ತನೆಯ ಸ್ಪರ್ಧೆ ನಡೆಯುತ್ತಿದೆ. ಅದಕ್ಕೆಂದೇ ಬೇರೆ ಬೆಳೆಯುತ್ತಾರೆ, ನೆಲದಲ್ಲೇ ಹೆಚ್ಚು ದಿನ ಬಿಟ್ಟು ದೊಡ್ಡದು ಮಾಡುತ್ತಾರೆ, ಆ ಮೂಲಂಗಿ ತಿನ್ನಲಿಕ್ಕಲ್ಲ. ಹಬ್ಬ, ಜಾತ್ರೆ, ಪ್ರದರ್ಶನಗಳಿಗೆ ತಮ್ಮದೇ ನ್ಯಾಯವಿದೆ, ಅಲ್ಲಿ ಬೆಳೆದವನ ಮತ್ತು ಕೆತ್ತಿದವನ ಕೌಶಲ ಮುಖ್ಯ. ತರಗತಿಯಲ್ಲಿ ಮಗುವಿನ ಕಲಿಕೆ ಮುಖ್ಯ. ಕಲ್ಲಂಗಡಿಯಲ್ಲಿ ಗುಲಾಬಿ ಕೆತ್ತುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಹರಿತ ಚಾಕು ಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಅದನ್ನು ಮಾಡಲು ಹೊರಟ ಪಾಠದಲ್ಲಿ ಪ್ರಶಿಕ್ಷಣಾರ್ಥಿ ಕೆತ್ತುತ್ತಾರೆ, ಮಕ್ಕಳು ನೋಡುತ್ತಾರೆ. ಮಕ್ಕಳ ಕೈಗೆ ಚಾಕು ಕೊಡದೆಯೂ ತರಕಾರಿಯ ಕೆಲಸ ಸಾಧ್ಯ. ಬೆಂಡೆಕಾಯಿಯನ್ನು ಅಡ್ಡ ಕೊಯ್ದ ತುದಿಗಳು ಅಡುಗೆಗೆ ಹೇಗೂ ಹೋಗುವುದಿಲ್ಲ, ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಎಸಳಿನ ಹೂವು. ಬಾಳೆದಿಂಡಿನ ಹೊರಸಿಪ್ಪೆ, ಈರುಳ್ಳಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಹುಣಸೆಬೀಜ, ಹಲಸಿನ ಬೇಳೆಯ ಮೇಲಿನ ಬಿಳಿ ಸಿಪ್ಪೆ, ಜೋಳದ ದಂಟಿನ ಬೆಂಡು ಎಲ್ಲ ಇವೆ. ಬೆಂಡಿನ ಗಾಡಿ ಮಾಡಲು ಬಯಲುಸೀಮೆಯ ಮಕ್ಕಳಿಗೆ ನಾವು ಕಲಿಸಬೇಕಾಗಿಲ್ಲ, ಅವರೇ ಕಲಿಸುತ್ತಾರೆ. ಬಿಸಿಯೂಟದ ಅಡುಗೆಯವರ ಹತ್ತಿರ ಬೆಳಿಗ್ಗೆ ಒಂದು ಬುಟ್ಟಿ ಕೊಟ್ಟು ಬಂದರೆ ಮಧ್ಯಾಹ್ನಕ್ಕೆ ಸಾಮಗ್ರಿ ಸಿದ್ಧ.

ಮನೆಯಿಂದ ತರಿಸುವ ವಿಷಯಕ್ಕೆ ಬರುತ್ತೇನೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ‘ನಾಳೆ ಎಲ್ಲರೂ ಒಂದೊಂದು ತರಕಾರಿ, ಹಣ್ಣು ತನ್ನಿ’ ಎಂಬ ಒಂದು ವಾಕ್ಯವನ್ನು ಪ್ರಶಿಕ್ಷಣಾರ್ಥಿಗಳು ಎಷ್ಟು ಸುಲಭವಾಗಿ ಹೇಳಿಬಿಡುತ್ತಾರೆ! ಮರುದಿನ ಮೇಜಿನ ಮೇಲೆ ಸೇಬು, ದಾಳಿಂಬೆ, ದೊಣ್ಣೆಮೆಣಸಿನಕಾಯಿ ಒಂದು ಕಡೆ. ಬಾಡಿದ ಒಂದು ಬದನೆಕಾಯಿ ಇನ್ನೊಂದು ಕಡೆ. ಮೂರು ನಾಲ್ಕು ಮಕ್ಕಳು ಆ ದಿನ ಶಾಲೆಗೇ ಬರುವುದಿಲ್ಲ. ಹಾಜರಾತಿ ಪುಸ್ತಕ ತೆಗೆದು ನೋಡಿ ಎಂದು ನಾನು ಹೇಳುವುದು ಇದಕ್ಕೇ. ಸಾಮಗ್ರಿಯನ್ನು ಶಾಲೆಯಿಂದಲೇ, ಎಲ್ಲರಿಗೂ ಒಂದೇ ಆಗಿ ಕೊಡಬೇಕು. ತರಲೇಬೇಕೆಂದಿದ್ದರೆ ಎಲ್ಲ ಮನೆಯಲ್ಲೂ ಬಿಟ್ಟಿಯಾಗಿ ಇರುವುದನ್ನು ಹೇಳಬೇಕು.

ಇದರ ಹಿಂದೆಯೇ ಇನ್ನೊಂದು ಮಾತಿದೆ, ನಮ್ಮ ಪಾಠಯೋಜನೆಗಳು ಅದನ್ನು ಮುಟ್ಟುವುದಿಲ್ಲ. ನಮ್ಮ ಊರುಗಳಲ್ಲಿ ಯಾರು ಕಲಸಿದ್ದನ್ನು ಯಾರು ತಿನ್ನುತ್ತಾರೆ ಎಂಬುದು ಇಂದಿಗೂ ಮುಗಿದ ಪ್ರಶ್ನೆಯಲ್ಲ. ತಂಬಿಟ್ಟಿನ ಪಾಠದಲ್ಲಿ ಒಂದೇ ತಟ್ಟೆಯಲ್ಲಿ ಕಲಸಿ, ಒಬ್ಬರು ಮಾಡಿದ ಹಕ್ಕಿಯನ್ನು ಇನ್ನೊಬ್ಬರು ತಿನ್ನುವಾಗ ಯಾವ ಮಗು ಕೈ ಹಿಂದೆ ತೆಗೆಯುತ್ತದೆ, ಯಾವ ಮಗುವಿನ ಹಕ್ಕಿ ತಟ್ಟೆಯಲ್ಲೇ ಉಳಿಯುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿ ನೋಡಲೇಬೇಕು. ನೋಡಿ ಏನು ಮಾಡಬೇಕು? ಭಾಷಣ ಮಾಡಬಾರದು, ಆ ಮಗುವಿನ ಹೆಸರು ಎತ್ತಬಾರದು. ಉಳಿದ ಹಕ್ಕಿಯನ್ನು ತಾವೇ ಎತ್ತಿ ತಿನ್ನಬೇಕು. ಮುಂದಿನ ಸಲ ಗುಂಪುಗಳನ್ನು ಬದಲಿಸಿ, ಎಲ್ಲರೂ ಒಂದೇ ಮುದ್ದೆಯಿಂದ ಹಿಟ್ಟು ತೆಗೆದುಕೊಳ್ಳುವಂತೆ ಮಾಡಬೇಕು. ಗೋಡೆಗೆ ಅಂಟಿಸಿದ ನವಿಲಿನಲ್ಲಿ ಈ ಕಷ್ಟವೇ ಇಲ್ಲ, ನಿಜ. ಅದಕ್ಕೇ ಅದು ಅಷ್ಟು ಜನಪ್ರಿಯ ಎಂದು ಕೆಲವೊಮ್ಮೆ ನನಗೆ ಅನ್ನಿಸುತ್ತದೆ.

ಶೇಂಗಾ ಮುಂತಾದವು ಒಗ್ಗದ ಮಕ್ಕಳಿದ್ದಾರೆಯೇ ಎಂದು ತರಗತಿ ಶಿಕ್ಷಕರನ್ನು ಮುಂಚೆಯೇ ಕೇಳುವುದು, ಕೈ ತೊಳೆಯಲು ನೀರು ಸೋಪು ಇಡುವುದು, ತಿನ್ನುವ ವಸ್ತುವಿಗೆ ಪೋಸ್ಟರ್ ಬಣ್ಣ ಸೋಕಿಸದಿರುವುದು ಇವೆಲ್ಲ ಹೇಳದೆಯೂ ಗೊತ್ತಿರುವಂಥವು. ಮೈದಾ, ಉಪ್ಪು, ನೀರು ಕಲಸಿ ಮಾಡುವ ಹಿಟ್ಟಿನ ಗೊಂಬೆಗಳ ಬಗ್ಗೆ ಹಲವರು ಕೇಳುತ್ತಾರೆ. ಕೆರೆಯ ಜೇಡಿಮಣ್ಣು ಸಿಗುವ ಊರಿನಲ್ಲಿ ಮೈದಾ ಯಾಕೆ ಎಂಬುದಷ್ಟೇ ನನ್ನ ಉತ್ತರ. ಮಣ್ಣೆತ್ತಿನ ಅಮಾವಾಸ್ಯೆ ಆಚರಿಸುವ ನಾಡು ನಮ್ಮದು.

ಇನ್ನು ಅಂಕದ ಪ್ರಶ್ನೆ. ಎರಡು ವರ್ಷದ ಬಿ.ಇಡಿ. ಬಂದಾಗಿನಿಂದ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬುದು ಪಠ್ಯಕ್ರಮದ ಭಾಗವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲಾ ಸಂಯೋಜಿತ ಕಲಿಕೆಯ ಮಾತಾಡುತ್ತದೆ. ಆದರೆ ನಮ್ಮ ಮೌಲ್ಯಮಾಪನ ಪತ್ರದಲ್ಲಿ ಇಂದಿಗೂ ‘ಉಪಕರಣದ ಆಕರ್ಷಣೆ’, ‘ಬಾಳಿಕೆ’ ಎಂಬ ಕಲಮುಗಳಿವೆ. ತಂಬಿಟ್ಟಿನ ಹಕ್ಕಿಗೆ ಬಾಳಿಕೆಯಲ್ಲಿ ಸೊನ್ನೆ ಬರುತ್ತದೆ. ಅದನ್ನು ಮಾಡಿಸಿದ ಪ್ರಶಿಕ್ಷಣಾರ್ಥಿ ಜಾಣನಾದರೆ ಮುಂದಿನ ಸಲ ಕಾಳಿನ ನವಿಲು ತರುತ್ತಾನೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಮಠಗಳಲ್ಲಿ ಹಬ್ಬಕ್ಕೆ ಬೆಣ್ಣೆಯಿಂದ ಹೂವು, ಚಕ್ರಗಳನ್ನು ತಿದ್ದುವ ಪದ್ಧತಿ ಇದೆ. ಬೆಣ್ಣೆ ಕರಗಬಾರದೆಂದು ಬೆರಳನ್ನು ತಣ್ಣೀರಿಗೆ ಅದ್ದಿ ಅದ್ದಿ ತಿದ್ದುತ್ತಾರೆ. ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಅಷ್ಟು ಶ್ರಮ. ಬಾಳಿಕೆಯ ಕಲಮಿನಲ್ಲಿ ಅವರಿಗೆ ನಾವು ಎಷ್ಟು ಕೊಡುತ್ತೇವೆ?

ಬಾಹ್ಯ ಪರೀಕ್ಷಕರು ಬಂದಾಗ ತೋರಿಸುವುದೇನು ಎಂಬ ಆತಂಕ ಸಹೋದ್ಯೋಗಿಗಳಲ್ಲಿದೆ. ತೋರಿಸಲು ಬೇಕಾದಷ್ಟಿರುತ್ತದೆ. ಮಕ್ಕಳು ಮಾಡಿದ್ದರ ನಾಲ್ಕು ಫೋಟೊ, ಬಳಸಿದ ಸಾಮಗ್ರಿಯ ತೂಕ ಮತ್ತು ಅದು ಕೊನೆಗೆ ಎಲ್ಲಿಗೆ ಹೋಯಿತು ಎಂಬ ಒಂದು ಸಾಲು, ಮಕ್ಕಳು ಕೇಳಿದ ಪ್ರಶ್ನೆಗಳ ಪಟ್ಟಿ, ಎರಡು ಹಲಗೆಯ ಒಂದು ಸಕ್ಕರೆ ಅಚ್ಚು. ‘ಬಾಳಿಕೆ’ ಕಲಮಿನ ಜಾಗದಲ್ಲಿ ‘ಸಾಮಗ್ರಿಯ ಮರುಬಳಕೆ ಅಥವಾ ಹಂಚಿಕೆ’ ಎಂದು ಬದಲಿಸಲು ನಮ್ಮ ಕಾಲೇಜಿನ ಅಭ್ಯಾಸ ಬೋಧನಾ ಸಮಿತಿಯ ಮುಂದೆ ಒಂದು ಟಿಪ್ಪಣಿ ಇಟ್ಟಿದ್ದೇನೆ. ಐದು ಅಂಕದ ಕಲಮು ಅದು. ಒಪ್ಪಿಗೆಯಾದರೆ ಮುಂದಿನ ತಂಡದ ಪಾಠಯೋಜನೆ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ತಿದ್ದಬೇಕಾಗುತ್ತದೆ, ಆದ್ದರಿಂದ ಆಕ್ಷೇಪಣೆ ಇರುವವರು ಈ ತಿಂಗಳೊಳಗೆ ಬರೆದು ತಿಳಿಸಬೇಕು.